ಮೇಲಿನ ಕೋಣೆಯ ಬಳೆ ಸದ್ದು

೧೯೭೪ರಲ್ಲಿ ಅಣ್ಣಿಗೇರಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಅವ್ವ ಲಕ್ವಾ ಹೊಡೆದು ಮಲಗಿದ್ದಳು. ಆಕೆಯ ಕ್ಷೀಣ ದನಿ ಕೆಳಗೆ ಕೇಳಲೆಂದು ನಾನೇ ಇಂಟರ್‌ಕಾಮ್ ಮಾಡಿದೆ: ಮೇಲೊಂದು, ಕೆಳಗೊಂದು ಸ್ಪೀಕರ್, ನಡುವೆ ಪುಟ್ಟ ಆಂಪ್ಲಿಫೈಯರ್.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಬ್ಯಾಟರಿ ಜೋಡಿಸಿದ ಕೂಡಲೇ ಅವ್ವನ ದನಿ ಬಂತು. "ದ್ವಾರಕಾ, ಇವರು ಹೊಂಟಾರ. ಕುಂಕುಮ ತಗೊಂಡು ಬಾ."

ಹೆಂಡತಿ ದ್ವಾರಕಾ ನಕ್ಕಳು. "ಪಾವಟಿಗಿ ಮ್ಯಾಲ ನೀವ ಕುಂತೀರಿ. ನಿಮ್ಮನ್ನ ದಾಟಿ ಯಾರು ಹೋದ್ರು?"

ಆಗ ಸ್ಪೀಕರಿನಲ್ಲಿ ಗಾಜಿನ ಬಳೆಗಳು ಸದ್ದು ಮಾಡಿದವು. ವಿಧವೆ ಅವ್ವನ ಕೈಯಲ್ಲಿ ಬಳೆಯಿರಲಿಲ್ಲ.

ಇಬ್ಬರೂ ಓಡಿದೆವು. ಅವ್ವ ಒಬ್ಬಳೇ ಇದ್ದಳು, ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು.

"ಬರಿಗೈಲೆ ಬಂದ್ಯಾ?" ಎಂದು ದ್ವಾರಕಾಳನ್ನು ಗದರಿದಳು. "ಕುಂಕುಮ ಹಚ್ಚದ ಹ್ಯಾಂಗ ಹೋಗ್ತಾರ? ನೋಡು, ಮತ್ತ ಕುಂತ್ರು."

ಕೋಣೆ ನಿಶ್ಶಬ್ದವಾಗಿತ್ತು. ಕೆಳಗಿನ ಸ್ಪೀಕರಿನಲ್ಲಿ ಮಾತ್ರ ಬಳೆಗಳು ಸದ್ದು ಮಾಡುತ್ತಲೇ ಇದ್ದವು.