ದಣಿದ ಢೋಲಕಿ

ನನ್ನ ಕೀಬೋರ್ಡಿನಲ್ಲಿ ಢೋಲಕಿ, ಕೊಳಲು, ಗಿಟಾರು ಎಲ್ಲವೂ ಇವೆ. ಎಡಗೈಯಿಂದ ಒಂದು ಕೀ ಒತ್ತಿದರೆ ಸಾಕು, ಇಡೀ ಆರ್ಕೆಸ್ಟ್ರಾ ಶುರುವಾಗುತ್ತದೆ. ಮಿರಜೆಯ ಢೋಲಕಿ ವಾದಕ ಜ್ಯೋತೆಪ್ಪ ಕಾಕಾಗೆ ಇದು ಸೇರುತ್ತಿರಲಿಲ್ಲ. "ಮಷೀನ್ ಇಟ್ಕೊಂಡು ಒಬ್ಬಾಕಿ ಆರ್ಕೆಸ್ಟ್ರಾ ಆಗ್ತಾಳೇನ?" ಎಂದು ಸಾಯುವವರೆಗೂ ಹಂಗಿಸಿದರು.

ಅವರು ತೀರಿಕೊಂಡ ವರ್ಷವೇ ಸಾಂಗ್ಲಿವಾಡಿಯಲ್ಲಿ, ನನಗೆ ಚಿಕ್ಕಮ್ಮನಂತಿದ್ದ ತ್ರಿಶಲಾ ಮಾವಶಿಯ ಮಗಳ ನಿಶ್ಚಿತಾರ್ಥ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟವಾಗಬೇಕೆಂದು ನನ್ನ ಹಾಡಿನ ಕಾರ್ಯಕ್ರಮ ಉರಿಬಿಸಿಲಿನಲ್ಲೇ ಇತ್ತು. ಒಂದು ಹಾಡು ಮುಗಿಸಿ ರಿದಮ್ ನಿಲ್ಲಿಸಿದೆ. ಎಲ್ಲ ವಾದ್ಯ ನಿಂತವು, ಢೋಲಕಿ ನಿಲ್ಲಲಿಲ್ಲ. ಬೆರಳ ಕೆಳಗಿನ ಕೀಗಳು ತಣ್ಣಗಾದವು. ಕಾಕಾ ಕೈಗೆ ಹಚ್ಚಿಕೊಳ್ಳುತ್ತಿದ್ದ ಪೌಡರಿನ ವಾಸನೆ ಬಂತು.

ನಾನು ಎದ್ದು ಓಡಲಿಲ್ಲ. "ಬರ್ರಿ ಕಾಕಾ, ನೋಡೇ ಬಿಡೂಣು" ಎಂದು ರಿದಮ್ ಒತ್ತದೆಯೇ ಮುಂದಿನ ಹಾಡು ಎತ್ತಿಕೊಂಡೆ. ಚರಣದಿಂದ ಚರಣಕ್ಕೆ ವೇಗ ಏರಿಸಿದೆ. ಢೋಲಕಿ ಮೊದಲು ಹಿಂದೆ ಬಿತ್ತು, ಆಮೇಲೆ ಎಡವಿತು, ಕೊನೆಗೆ ನಿಂತೇ ಹೋಯಿತು.

"ಚಲೋ ಬಾರಿಸಿದಿ ಮಂಗಲಾ," ಎಂದರು ತ್ರಿಶಲಾ ಮಾವಶಿ. "ಆದ್ರ ಢೋಲಕಿ ದಣದ ನಿಂತಂಗಾತಲ್ಲ. ಮಷೀನಿಗೂ ದಣಿವು ಆಗತೈತೇನ?"

ವೈರುಗಳನ್ನೆಲ್ಲ ಕಿತ್ತು ಸುತ್ತಿಡುವಾಗಲೂ ಸ್ಪೀಕರಿನಿಂದ ಯಾರದೋ ಏದುಸಿರು ಕೇಳುತ್ತಿತ್ತು. ಬಗ್ಗಿ ಹೇಳಿದೆ: "ನಾಳೆ ಕುಪವಾಡದಾಗ ಕಾರ್ಯಕ್ರಮ ಐತ್ರಿ ಕಾಕಾ. ತಾಲೀಮು ಮಾಡ್ಕೊಂಡು ಬರ್ರಿ."