ಮೀಸೆಯಪ್ಪನ ಹೊಸ ತೊಟ್ಟಿ

“ನಿನ್ನ ಮುಚ್ಚಳಗಳು ತೇಲೋದು ಮಾತ್ರ ಕಲಿತಿವೆ, ಮುಳುಗೋದು ಕಲಿತಿಲ್ಲ,” ಅಂದ ಗೆಳೆಯ ಲೌತಾರೊ.

ಯಾಮಿಲಾ ಬಕೆಟ್ಟಿಗೆ ಕೈ ಹಾಕಿ ಬಾಟಲಿ ಮುಚ್ಚಳಗಳನ್ನು ಕೆಳಗೆ ಒತ್ತಿದಳು. ಕೈ ತೆಗೆದದ್ದೇ ತಡ, ಕೆಂಪು, ಹಸಿರು, ಹಳದಿ ಎಲ್ಲವೂ ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡು ಮೇಲೆದ್ದವು. ತಳದಲ್ಲಿ ಗಾಳಿ ಪಂಪು ಗುಳುಗುಳು ಎನ್ನುತ್ತಿದ್ದರೂ ಒಂದೂ ತಿರುಗಲಿಲ್ಲ.

ಇಡೀ ಐದನೇ ಕ್ಲಾಸು ಸೇರಿಸಿಕೊಟ್ಟ ಮುಚ್ಚಳಗಳು ಅವು. “ಮೀಸೆಯಪ್ಪನ ಹೊಸ ತೊಟ್ಟಿಯ ಫಿಲ್ಟರಲ್ಲಿ ನಮ್ಮ ಮುಚ್ಚಳಗಳೇ ತಿರುಗ್ತವೆ, ನೋಡ್ತಿರಿ,” ಎಂದು ಯಾಮಿಲಾ ಎಲ್ಲರಿಗೂ ಮಾತು ಕೊಟ್ಟುಬಿಟ್ಟಿದ್ದಳು.

ಮೀಸೆಯಪ್ಪ ಅಂದರೆ ಮೀನುಗಾರರ ಕ್ಲಬ್ಬಿನ ಸುರುಬಿ ಮೀನು. ಮೈಮೇಲೆಲ್ಲ ಕರಿ ಚುಕ್ಕೆ, ಗೇಣುದ್ದದ ಮೀಸೆ. ಹಳೇ ತೊಟ್ಟಿಯಲ್ಲಿ ಈಗ ಅದಕ್ಕೆ ಮಗ್ಗುಲು ಬದಲಿಸಲೂ ಜಾಗವಿಲ್ಲ. ಬೆಳಗ್ಗೆಯಿಂದ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿತ್ತು. ಇವತ್ತೇ ಅದನ್ನು ದೊಡ್ಡ ತೊಟ್ಟಿಗೆ ಬಿಡಬೇಕು.

ತೊಟ್ಟಿ ನೋಡಿಕೊಳ್ಳುವವಳು ಇರ್ಮಾ ಅತ್ತೆ. ಅವಳು ತಣ್ಣನೆಯ ತೆರೆರೆ ಚಹಾ ಒಂದು ಗುಟುಕು ಹೀರಿ, ಇನ್ನೆರಡು ಬಕೆಟ್ ತೋರಿಸಿದಳು. ಒಂದರಲ್ಲಿ ಅಂಗಡಿಯಿಂದ ತಂದ ಪುಟಾಣಿ ಪ್ಲಾಸ್ಟಿಕ್ ಚಕ್ರಗಳು, ಹಾಲಿನಷ್ಟು ಬೆಳ್ಳಗೆ. ಇನ್ನೊಂದರಲ್ಲಿ ಹಳೇ ತೊಟ್ಟಿಯ ಚಕ್ರಗಳು. ಕಂದು ಬಣ್ಣ, ಜಾರುವ ಲೋಳೆ, ಕೆಸರಿನ ವಾಸನೆ.

“ಮೀನು ಉಚ್ಚೆ ಹೊಯ್ಯೋದು ತಾನಿರೋ ನೀರಲ್ಲೇ. ಅದನ್ನ ತಿಂದು ತೇಗೋರು ಬೇಕು. ಇಲ್ದಿದ್ರೆ ಅದರ ಕಿವಿರೇ ಸುಟ್ಟುಹೋಗುತ್ತೆ,” ಅಂದಳು ಅತ್ತೆ. “ಯಾವುದು ಹಾಕೋಣ? ನೀನೇ ಹೇಳು ಮಗಳೇ.”

“ಬಿಳೀದು. ಈ ಗಲೀಜು ಯಾಕತ್ತೆ? ಬೇಕಾದ್ರೆ ತೊಳೆದುಕೊಡ್ತೀನಿ,” ಎಂದು ಯಾಮಿಲಾ ಕಂದು ಚಕ್ರಗಳನ್ನು ಹಿಡಿತುಂಬ ತೆಗೆದುಕೊಂಡು ನಲ್ಲಿಯ ಕಡೆ ಹೋದಳು.

ಅತ್ತೆ ಅವಳ ಮುಂಗೈ ಹಿಡಿದಳು. “ತಾಳು. ನಲ್ಲಿ ನೀರಲ್ಲಿ ಕ್ರಿಮಿ ಕೊಲ್ಲೋ ಔಷಧಿ ಇರುತ್ತೆ. ಪರಾನಾ ನದಿ ಉಕ್ಕಿದಾಗ ನಾವೆಲ್ಲ ಮನೆ ಬಿಟ್ಟು ನಿಮ್ಮ ಶಾಲೇಲಿ ಮಲಗಿದ್ವಲ್ಲ? ಇವರಿಗೆ ಓಡಿಹೋಗೋಕೆ ಶಾಲೇನೂ ಇಲ್ಲ.”

“ಯಾರಿಗೆ?”

“ಈ ಲೋಳೆ ಇದ್ಯಲ್ಲ, ಇದೇ ಅವರು. ಮೀನಿನ ಉಚ್ಚೆ ತಿನ್ನೋ ಪುಟ್ಟ ಜೀವಿಗಳು, ಒಂಟಿಯಾಗಿದ್ರೆ ಬರಿಗಣ್ಣಿಗೆ ಕಾಣಲ್ಲ. ಈ ಒಂದು ಚಕ್ರದಲ್ಲಿ ಇರೋರಷ್ಟು ಜನ ನಮ್ಮೂರಲ್ಲೇ ಇಲ್ಲ. ಬಿಳೀ ಚಕ್ರ ಚೆಂದ, ಆದ್ರೆ ಖಾಲಿ ಮನೆ. ಒಕ್ಕಲು ಬರೋಕೆ ವಾರಗಟ್ಟಲೆ ಬೇಕು.”

ಯಾಮಿಲಾ ಅಂಗೈಯನ್ನು ಅಲುಗಿಸದೆ ನಿಂತಳು. ಉಸಿರು ಬಿಟ್ಟರೂ ಅವರಿಗೆ ಏನಾದೀತೋ ಎಂದು ಹೆದರಿಕೆಯಾಯಿತು. ಇಷ್ಟು ಜನ ದಿನವೂ ಮೀಸೆಯಪ್ಪನನ್ನು ಕಾಯುತ್ತಿದ್ದರು, ಅವಳಿಗೆ ಗೊತ್ತೇ ಇರಲಿಲ್ಲ. ಬಕೆಟ್ಟಿನಲ್ಲಿ ಉಳಿದ ಕಂದು ಚಕ್ರಗಳು ಪಂಪಿನ ಗುಳ್ಳೆಗಳಿಗೆ ಏಳುತ್ತಿದ್ದವು, ಉರುಳುತ್ತಿದ್ದವು, ಒಂದೂ ನಿಲ್ಲುತ್ತಿರಲಿಲ್ಲ. ಒಂದು ಊರಿಗೆ ಊರೇ ತಿರುಗುತ್ತಿತ್ತು.

ಆಮೇಲೆ ತನ್ನ ಬಣ್ಣದ ಮುಚ್ಚಳಗಳನ್ನು ನೋಡಿದಳು. ಕೈಯಲ್ಲಿದ್ದ ಕಂದು ಚಕ್ರಗಳನ್ನು ಮೆಲ್ಲಗೆ ಬಕೆಟ್ಟಿಗೆ ಬಿಟ್ಟಳು.

“ಹಳೇದೇ ಹಾಕು ಅತ್ತೆ.”

“ಕ್ಲಾಸಲ್ಲಿ ಏನಂತೀಯ?” ಕೇಳಿದ ಲೌತಾರೊ.

“ಏನೋ ಅಂತೀನಿ. ಮೊದ್ಲು ಮೀಸೆಯಪ್ಪ ಉಸಿರಾಡ್ಲಿ.”

ಸಂಜೆಗೆ ಮೀಸೆಯಪ್ಪ ದೊಡ್ಡ ತೊಟ್ಟಿಯ ತಳದಲ್ಲಿ ಮೀಸೆ ಚಾಚಿ ಹಾಯಾಗಿ ಮಲಗಿತ್ತು. ಅತ್ತೆ ಡ್ರಿಲ್ ತಂದಳು. “ನಿನ್ನ ಮುಚ್ಚಳಗಳು ಗಾಳಿ ಸಿಕ್ಕಿಹಾಕ್ಕೊಂಡು ತೇಲ್ತಿವೆ, ಅಷ್ಟೇ. ತೂತು ಕೊರೆದು ಹಳಬರ ಜೊತೆ ಬಿಡೋಣ. ಮನಸ್ಸಾದ್ರೆ ಆ ಪುಟ್ಟ ಜನ ಇವುಗಳಲ್ಲೂ ಬಂದು ಸೇರ್ಕೋತಾರೆ.”

ಚಳಿಗಾಲದ ರಜೆ ಮುಗಿದ ಮೇಲೆ ಇಡೀ ಕ್ಲಾಸು ಕ್ಲಬ್ಬಿಗೆ ಬಂತು. ಫಿಲ್ಟರ್ ಪೆಟ್ಟಿಗೆಯಲ್ಲಿ ಇಣುಕಿದ ಗೆಳತಿ ಬ್ರೂನೆಲಾ ಮುಖ ಸಿಂಡರಿಸಿದಳು.

“ಥೂ, ನಮ್ಮ ಮುಚ್ಚಳ ಎಲ್ಲಾ ಗಲೀಜಾಗಿವೆ. ತೊಳೆಯೋಣ ಬಾರೇ.”

ಅವಳು ಒಂದನ್ನು ಎತ್ತಲು ಕೈ ಚಾಚಿದಳು. ಯಾಮಿಲಾ ಮೆಲ್ಲಗೆ ಅವಳ ಮುಂಗೈ ಹಿಡಿದಳು. ಕೆಂಪಗಿದ್ದ ಮುಚ್ಚಳವೊಂದು ಕಂದಾಗಿ ಮೇಲೆ ಬಂತು, ಒಮ್ಮೆ ಮಗುಚಿಕೊಂಡು ಮತ್ತೆ ಒಳಗಿಳಿಯಿತು.

“ಬೇಡ ಕಣೇ,” ಅಂದಳು, ಪಿಸುದನಿಯಲ್ಲಿ. “ಒಳಗೆ ಜನ ಇದ್ದಾರೆ.”