ತಣ್ಣಗಿನ ಬಾನೆಟ್

ನಾ ಅಡತ್ ಅಂಗಡಿಯವ, ಕಾಳುಕಡಿ ದಲ್ಲಾಳಿ. ತೊಗರಿ ಕೈಯಾಗ ಹಿಡಿದು ನೋಡದೆ ತೊಗೊಳ್ಳಾವಲ್ಲ. ಇಂಥಾ ನಾನೇ ಹುಮನಾಬಾದಿನಾಗ ಒಂದು ಹಳೇ ಕಾರು ಕೊಂಡು, ಬಿರುಬಿಸಿಲಾಗ ಬಸವಕಲ್ಯಾಣಕ್ಕ ಹೊಡಕೊಂಡು ಬಂದೆ. ದಾರಿಯುದ್ದಕ್ಕೂ ಟೆಂಪರೇಚರ್ ಮುಳ್ಳು ನಟ್ಟನಡುವ ನಿಂತಿತ್ತು, ಎಲ್ಲಿ ಇರಬೇಕೋ ಅಲ್ಲೇ. ಮನಿ ಮುಂದ ನಿಲ್ಲಿಸಿ ಬಾನೆಟ್ ಮ್ಯಾಲ ಕೈ ಇಟ್ಟೆ. ನೀರು ತುಂಬಿದ ಮಣ್ಣಿನ ಗಡಿಗಿ ಮುಟ್ಟಿದಂಗ ತಣ್ಣಗಿತ್ತು.

ಮಾರಿದವ ಮುಳ್ಳಿಗೆ ಏನೋ ಗೋಲ್‌ಮಾಲ್ ಮಾಡ್ಯಾನ ಅಂತ ಮಿಸ್ತ್ರಿ ಗುರುಲಿಂಗನ್ನ ಕರೆಸಿದೆ. ಅವ ತನ್ನ ಮೀಟರ್ ಹಚ್ಚಿ ನೋಡಿದ. ಅದೂ ಅಷ್ಟೇ ತೋರಿಸ್ತು. ಗಾಡಿ ಚಾಲೂ ಇಟ್ಟು ರೇಡಿಯೇಟರಿನ ಪೈಪ್ ಹಿಡಿದ, ಹಿಡಕೊಂಡೇ ನಿಂತ.

"ಈಗ ಕೈ ಸುಡಬೇಕ್ರಿ ಸಾವಕಾರ್ರೇ. ನೀರು ಬರಾಬರ್ ಅದ, ಫ್ಯಾನ್ ತಿರಗಾಕತ್ತದ, ಮುಳ್ಳು ಖರೇನೇ ಹೇಳಾಕತ್ತದ. ಬಿಸಿ ಎಲ್ಲಿ ಹೋಗಾಕತ್ತದ ಅಂಬೋದೇ ತಿಳಿವಲ್ದು."

ಹೋಗೋ ಮುಂದ ಪೈಪ್ ಹಿಡಿದಿದ್ದ ಆ ಕೈ ಬಿಸಿಲಿಗೆ ಹಿಡಕೊಂಡೇ ಹೋದ.

ಮರುದಿನ ಮಧ್ಯಾಹ್ನ ನಮ್ಮ ಓಣಿಯ ಧೂಳಮ್ಮನ ಆಡುಗೋಳು ಬೇವಿನ ನೆರಳು ಬಿಟ್ಟು ಬಂದು, ಉರಿಬಿಸಿಲಾಗ ಕಾರಿಗೆ ಮೈ ಹಚ್ಚಿ ಮಲಗಿದ್ವು. ಎಬ್ಬಿಸಾಕ ಬಂದ ಧೂಳಮ್ಮ ಹೊಡೆದ್ರೂ ಏಳಲಿಲ್ಲ.

"ಇದರಾಗ ಏನ್ ಇಟ್ಟೀರಿ ಅಣ್ಣಾ?" ಅಂತ ಆಕಿ ಕೇಳಿದಳು.

ಅವತ್ತೇ ಕಾರು ವಾಪಸ್ ಕಳಿಸಿದೆ.

ಅದಾಗಿ ಎರಡು ಬೇಸಿಗಿ ಆದ್ವು. ಬಿಸಿಲೇರಿತಂದ್ರ ಧೂಳಮ್ಮನ ಆಡುಗೋಳು ಇವತ್ತಿಗೂ ನೆರಳು ಬಿಟ್ಟು ನಮ್ಮ ಮನಿ ಮುಂದ ಬರ್ತಾವ. ನಡುವ ಒಂದು ಕಾರಿನಷ್ಟು ಜಾಗಾ ಬಿಟ್ಟು ಸುತ್ತ ಕೂಡ್ತಾವ. ಆಮ್ಯಾಲ ಆ ಖಾಲಿ ಜಾಗಕ್ಕ ಒರಗಿಕೊಂಡು ಮಲಗ್ತಾವ.